ಹನ್ನೊಂದು ತಿಂಗಳಾಯಿತು, ಕಡಲ ಸದ್ದು ಕೇಳಿಸುತ್ತಿಲ್ಲ

ಕೊನೆಮೆಟ್ಟಿಲು | ಭಾನುವಾರ, ಸಂಜೆ 6:40

ಶೀರ್ಷಿಕೆ ಓದಿ ಕಿವಿಯ ವೈದ್ಯರ ಹತ್ತಿರ ಹೋಗಿ ಎನ್ನಬೇಡಿ. ಕಿವಿ ನೆಟ್ಟಗಿದೆ. ಪಕ್ಕದ ಕೋಣೆಯಲ್ಲಿ ದಿಂಬಿನ ಕೆಳಗೆ ಮೊಬೈಲ್ ಗುರುಗುಟ್ಟಿದರೂ ಗೊತ್ತಾಗುತ್ತದೆ. ಕೇಳಿಸದೆ ಇರುವುದು ಕಡಲೊಂದೇ.

ನನ್ನದು ಕಡಲಿಗೆ ಮುಖ ಮಾಡಿದ ಎರಡು ಕೋಣೆಯ ಸಣ್ಣ ಮನೆ. ಮುಂದೆ ಜಗಲಿ, ಜಗಲಿಯಿಂದ ಏಳು ಮರದ ಮೆಟ್ಟಿಲು ಇಳಿದರೆ ಮರಳು. ನಿವೃತ್ತಿಯಾದ ಮೇಲೆ ಒಬ್ಬನೇ ಇಲ್ಲಿಗೆ ಬಂದೆ. ಆ ಸದ್ದಿಗಾಗಿಯೇ ಬಂದೆ ಎಂದರೂ ಸುಳ್ಳಾಗುವುದಿಲ್ಲ. ಮೊದಲ ವಾರ ನಿದ್ದೆ ಹತ್ತಲಿಲ್ಲ. ಒಂದು ತೆರೆ ಒಡೆಯುವುದು, ಆಮೇಲೊಂದು ಬಿಡುವು, ಆ ಬಿಡುವಿನಲ್ಲಿ ನಾನು ಉಸಿರು ಬಿಗಿಹಿಡಿದು ಮುಂದಿನದಕ್ಕೆ ಕಾಯುವುದು. ಎರಡನೆಯ ತಿಂಗಳ ಹೊತ್ತಿಗೆ ಹಾಸಿಗೆಯಲ್ಲಿ ಮಲಗಿಯೇ ನೀರು ಎಲ್ಲಿದೆ ಎಂದು ಹೇಳಬಲ್ಲವನಾಗಿದ್ದೆ. ಉಬ್ಬರದಲ್ಲಿ ತೆರೆ ಮೆಟ್ಟಿಲ ಹತ್ತಿರ ಬಂದು ಧಪ್ಪೆಂದು ಬೀಳುತ್ತದೆ. ಇಳಿತದಲ್ಲಾದರೆ ದೂರದಲ್ಲಿ ಯಾರೋ ಚಾಪೆ ಎಳೆದುಕೊಂಡು ಹೋದಂತೆ.

ಕಳೆದ ಮಂಗಳವಾರ ಹಳೆಯ ಸ್ನೇಹಿತರೊಬ್ಬರು ಫೋನ್ ಮಾಡಿದ್ದರು. ಮಾತಿನ ನಡುವೆ, "ಹಿಂದೆ ಅದೇನು ಅಷ್ಟು ಗದ್ದಲ, ಹೆದ್ದಾರಿಯ ಪಕ್ಕ ನಿಂತಿದ್ದೀರಾ?" ಎಂದರು. "ಯಾವ ಗದ್ದಲ?" ಎಂದೆ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಜಗಲಿಯಲ್ಲೇ ನಿಂತಿದ್ದೆ. ಅವರು ಕೇಳಿದ್ದು ಕಡಲನ್ನು. ನನಗೆ ಅದು ಎಷ್ಟು ದಿನಗಳಿಂದ ಕೇಳಿಸುತ್ತಿಲ್ಲವೋ!

ಕಿವಿಗೊಟ್ಟರೆ ಕೇಳಿಸುತ್ತದೆ, ಆ ಮಾತು ಬೇರೆ. ತಾನಾಗಿ ಕೇಳಿಸುವುದು ನಿಂತುಹೋಗಿದೆ. ಬೇಸರ ಪಡಬೇಕೋ ಬೇಡವೋ ತಿಳಿಯುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ?

ತುಕ್ಕುಬೀಗ | ಭಾನುವಾರ, ಸಂಜೆ 7:15

ಕಡಲ ತಡಿಯಲ್ಲಿ ಮನೆ ಮಾಡಿ ತೆರೆಗೆ ಅಂಜಬಾರದು ಎಂಬ ಮಾತು ನಮಗೆಲ್ಲ ಬಾಯಿಪಾಠ. ತೆರೆಗೆ ನಾನು ಅಂಜಲಿಲ್ಲ. ತುಕ್ಕಿನ ವಿಷಯ ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

ನಿಮಗೆ ಕಡಲು ಕೇಳಿಸದಾಯಿತು, ನನಗೆ ಕಾಣಿಸದಾಯಿತು. ಕಿಟಕಿಯ ಗಾಜಿನ ಮೇಲೆ ಸದಾ ಒಂದು ಬಿಳಿ ಪೊರೆ. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಹಾಜರು. ತೆರೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಹನಿಯ ನೀರು ಹಾರಿಹೋದ ಮೇಲೆ ಉಳಿಯುವ ಉಪ್ಪು ನಮ್ಮ ಕಿಟಕಿ, ಬೀಗ, ಫ್ಯಾನಿನ ರೆಕ್ಕೆ, ಕನ್ನಡಕ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ವರ್ಷಕ್ಕೆ ಎಷ್ಟು ನನ್ನ ಮನೆಯೊಳಗೆ ಬಂತು ಎಂದು ತೂಗಿ ನೋಡುವ ಆಸೆ ಇದೆ.

ಒಂದು ಉಪಯೋಗದ ಮಾತು. ಒಣ ಬಟ್ಟೆಯಲ್ಲಿ ಒರೆಸಬೇಡಿ. ಉಪ್ಪಿನ ಜೊತೆ ಮರಳಿನ ಪುಡಿಯೂ ಇರುತ್ತದೆ, ಗಾಜಿಗೆ ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ತೇವವೂ ಉಳಿಯುತ್ತದೆ. ಸಾದಾ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದಾಗ ನೀರೊಡೆದರೆ, ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್ ಶೇ. 33ರಲ್ಲೇ ನೀರು ಎಳೆಯಲು ಶುರುಮಾಡುತ್ತದೆ. ಕಡಲಲ್ಲಿ ಮಿಂದು ಹರವಿದ ಟವೆಲ್ ಮೂರು ದಿನವಾದರೂ ಕೈಗೆ ತಣ್ಣಗೆ ಹತ್ತುವುದು ಇದರಿಂದಲೇ.

ನಿಮ್ಮ ಪ್ರಶ್ನೆಗೆ ಉತ್ತರ ಇದಲ್ಲ ಎಂದು ಗೊತ್ತು. ಒರೆಸುತ್ತ ಒರೆಸುತ್ತ ಪ್ರಶ್ನೆ ಮರೆತುಹೋಯಿತು.

ಅರ್ಧನಿದ್ದೆ | ಭಾನುವಾರ, ರಾತ್ರಿ 9:02

ನನಗೂ ಹೀಗೆಯೇ ಆಗಿದೆ. ಮನೆಗೆ ಯಾರಾದರೂ ನೆಂಟರು ಬಂದರೆ ಮಾತ್ರ ಕೇಳಿಸುತ್ತದೆ. ಅವರು ಜಗಲಿಗೆ ಕಾಲಿಟ್ಟು "ಆಹಾ" ಎಂದ ಕೂಡಲೇ ಯಾರೋ ರೇಡಿಯೋದ ಕಿವಿ ತಿರುವಿದ ಹಾಗೆ ಸದ್ದು ಬರುತ್ತದೆ. ಅವರು ಹೊರಟ ಮರುದಿನ ಮತ್ತೆ ಇಲ್ಲ. ಅವರ ಕಿವಿಯನ್ನು ಎರಡು ದಿನ ಸಾಲ ತೆಗೆದುಕೊಂಡಂತೆ ಎನಿಸುತ್ತದೆ.

ದೋಣಿಮನೆ | ಭಾನುವಾರ, ರಾತ್ರಿ 10:30

ಕೋಪಿಸಿಕೊಳ್ಳಬೇಡಿ, ಈ ಮಾತುಗಳನ್ನು ಓದಿದರೆ ನನಗೆ ಸ್ವಲ್ಪ ನಗು, ಸ್ವಲ್ಪ ಸಿಟ್ಟು. ನಾನು ಕಡಲ ಬದಿಯಲ್ಲೇ ಹುಟ್ಟಿದವಳು. ನಮ್ಮ ಮನೆಯಲ್ಲಿ ಕಡಲನ್ನು ಆಲಿಸಲೆಂದು ಯಾರೂ ಕೂತದ್ದನ್ನು ನಾನು ಕಂಡಿಲ್ಲ. ಹಾಗೆಂದು ಯಾರಿಗೂ ಅದು ಕೇಳಿಸದೆಯೂ ಇರಲಿಲ್ಲ. ಅಜ್ಜ ನಸುಕಿನಲ್ಲಿ ಎದ್ದು ಬಾಗಿಲು ತೆಗೆಯುವ ಮೊದಲೇ "ಇವತ್ತು ಬೇಡ" ಎನ್ನುತ್ತಿದ್ದರು. ದೋಣಿ ಇಳಿಸುವುದು ಬೇಡ ಎಂದು ಅರ್ಥ. ಏನು ಕೇಳಿಸಿತು ಎಂದು ಕೇಳಿದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಪೇಟೆಯಿಂದ ಬಂದವರು ಕಡಲಿಗೆ ಒಂದು ಕೆಲಸ ಕೊಟ್ಟಿರುತ್ತಾರೆ: ನಮ್ಮನ್ನು ಸಮಾಧಾನ ಮಾಡು ಎಂದು. ಅದು ಆ ಕೆಲಸ ಬಿಟ್ಟಿತೆಂದು ಈಗ ದೂರು. ನಿಮ್ಮ ಪಾಡಿಗೆ ನೀವಿರಿ, ಅದರ ಪಾಡಿಗೆ ಅದಿರಲಿ.

ನಿಮಗೆ ಕೇಳಿಸದೆ ಇರುವುದು ನೀವು ಅಲ್ಲಿಯವರಾಗುತ್ತಿದ್ದೀರಿ ಎಂಬುದರ ಗುರುತು ಎಂದು ನನ್ನ ಎಣಿಕೆ. ಒಗ್ಗದವರಿಗೆ ಮಾತ್ರ ಅದು ಸದ್ದು.

ನಿವೃತ್ತ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:10

ಜೀವಶಾಸ್ತ್ರ ಪಾಠ ಮಾಡಿ ಅಭ್ಯಾಸ, ಬಿಟ್ಟಿರಲಾರೆ. ದೋಣಿಮನೆ ಅವರು ಹೇಳಿದ 'ಒಗ್ಗುವುದು' ಎಂಬುದಕ್ಕೆ ಒಂದು ಕಥೆ ಇದೆ, ಅದೂ ಕಡಲಿನದೇ.

ಅಪ್ಲಿಸಿಯಾ ಎಂಬ ಪ್ರಾಣಿ ಗೊತ್ತೇ? ಬಸವನಹುಳುವಿನ ಬಳಗದ್ದು. ಹೊರಗೆ ಚಿಪ್ಪು ಕಾಣುವುದಿಲ್ಲ. ತಲೆಯ ಮೇಲೆ ಮೊಲದ ಕಿವಿಯಂತೆ ಎರಡು ಕೋಡು ಇರುವುದರಿಂದ ಕಡಲ ಮೊಲ ಎಂದು ಕರೆಯುತ್ತಾರೆ. ಅಂಗೈ ತುಂಬುವ ಮೆತ್ತನೆಯ ಮುದ್ದೆ, ನೋಡಲು ಚೆಲುವೇನೂ ಇಲ್ಲ. ಅದರ ನರಮಂಡಲದಲ್ಲಿ ಸುಮಾರು 20,000 ನರಕೋಶಗಳು ಮಾತ್ರ, ಅವೂ ದಪ್ಪ ದಪ್ಪ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ನೆನಪು ಎಂದರೇನು ಎಂದು ತಿಳಿಯಲು ಇದನ್ನೇ ಆರಿಸಿಕೊಂಡರು. 2000ದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆತದ್ದು ಈ ಕೆಲಸಕ್ಕೆ.

ಕಡಲ ಮೊಲದ ಮೈಯಲ್ಲಿ ನೀರು ಹೊರಬಿಡುವ ಒಂದು ಕೊಳವೆ ಇದೆ. ಅದನ್ನು ಮೆಲ್ಲಗೆ ಮುಟ್ಟಿದರೆ ಕಿವಿರನ್ನು ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟುತ್ತ ಹೋದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತ ಬಂದು ಕೊನೆಗೆ 'ಮುಟ್ಟಿಕೋ' ಎಂದು ಸುಮ್ಮನಾಗುತ್ತದೆ. ಸ್ನಾಯು ದಣಿದು ಹೀಗಾಗುತ್ತದೆಯೇ? ಇಲ್ಲ. ಸ್ಪರ್ಶವನ್ನು ತಿಳಿಸುವ ನರಕೋಶ ಮುಂದಿನ ಕೋಶಕ್ಕೆ ದಾಟಿಸುವ ರಾಸಾಯನಿಕವೇ ಕಡಿಮೆಯಾಗುತ್ತದೆ. ಬಾಗಿಲು ತಟ್ಟುವವನು ದಿನಾ ಬರುವವನೇ ಎಂದು ಗೊತ್ತಾದ ಮೇಲೆ ಒಳಗೆ ಸುದ್ದಿ ಮುಟ್ಟಿಸುವ ಆಳು ಏಳುವುದಿಲ್ಲ, ಅಷ್ಟೇ.

ಇನ್ನೊಂದು ಅಂಶ ಬಾಕಿ ಇದೆ. ಹಾಗೆ ಒಗ್ಗಿದ ಪ್ರಾಣಿಯ ಬಾಲಕ್ಕೆ ಒಂದು ಸಲ ಚುರುಕು ಮುಟ್ಟಿಸಿದರೆ ಸಾಕು, ಮುಂದಿನ ಮೆಲುಸ್ಪರ್ಶಕ್ಕೂ ಕಿವಿರು ಮೊದಲಿಗಿಂತ ಜೋರಾಗಿ ಒಳಗೆ ಹೋಗುತ್ತದೆ. ಅಂದರೆ ಕೇಳಿಸುವುದು ಹೋಗಿಬಿಟ್ಟಿರುವುದಿಲ್ಲ, ಒಳಗೆ ಕೂತಿರುತ್ತದೆ.

ಕೊನೆಮೆಟ್ಟಿಲು ಅವರೇ, ನಿಮ್ಮ ಬಾಲಕ್ಕೆ ಯಾರೂ ಚುರುಕು ಮುಟ್ಟಿಸದಿರಲಿ ಎಂದು ಹಾರೈಸುತ್ತೇನೆ.

ಕೊನೆಮೆಟ್ಟಿಲು | ಸೋಮವಾರ, ರಾತ್ರಿ 8:20

ಮೇಷ್ಟ್ರೇ, ನಕ್ಕು ಸಾಕಾಯಿತು. ಈ ವಯಸ್ಸಿನಲ್ಲಿ ಬಸವನಹುಳುವಿನ ಬಳಗ ಸೇರುತ್ತೇನೆ ಎಂದುಕೊಂಡಿರಲಿಲ್ಲ.

ದೋಣಿಮನೆ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನಿಮ್ಮ ಅಜ್ಜನವರ ವಿಷಯ ಬೇರೆ, ನನ್ನದು ಬೇರೆ. ಅವರಿಗೆ ಆ ಸದ್ದಿನಿಂದ ತಿಳಿಯಬೇಕಾದದ್ದು ಇತ್ತು. ನನಗೆ ಏನೂ ಇಲ್ಲ. ನಾನು ದೋಣಿ ಇಳಿಸುವವನಲ್ಲ, ಬಲೆ ಬೀಸುವವನೂ ಅಲ್ಲ. ಕಡಲು ಇವತ್ತು ಹೇಗಿದ್ದರೂ ನನ್ನ ದಿನ ನಡೆಯುತ್ತದೆ. ಹೀಗೆ ಯೋಚಿಸಿದಾಗ, ನನ್ನ ಕಿವಿ ಕಡಲನ್ನು ಬಿಟ್ಟದ್ದರಲ್ಲಿ ತಪ್ಪೇನು ಎನಿಸಿತು.

ಒಂದು ಮಾತ್ರ ನಿಜಕ್ಕೂ ಬದಲಾಗಿದೆ. ನಾನು ಈಗ ತಿರುಗಾಡಲು ಹೋಗುವುದು ಇಳಿತದ ಹೊತ್ತು ನೋಡಿಕೊಂಡು, ಆಗಷ್ಟೇ ನಡೆಯಲು ಗಟ್ಟಿ ಮರಳು ಸಿಗುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆಯಲ್ಲ, ನನ್ನ ತಿರುಗಾಟವೂ ಹಾಗೇ ಜಾರುತ್ತದೆ. ಈ ವಾರ ಬೆಳಗಿನ ಆರಕ್ಕೆ ಹೊರಟರೆ ಮುಂದಿನ ವಾರ ಹೊತ್ತು ನೆತ್ತಿಗೆ ಬಂದಿರುತ್ತದೆ. ಹದಿನೈದು ದಿನಕ್ಕೆ ಮತ್ತೆ ಆರರ ಹತ್ತಿರ ಬಂದು ನಿಲ್ಲುತ್ತದೆ, ಈ ಸಲ ದಿನದ ಇನ್ನೊಂದು ಇಳಿತ. ಮೂವತ್ತು ವರ್ಷ ಕಚೇರಿಗೆ 9:30ಕ್ಕೆ ಸಹಿ ಹಾಕಿದವನು ನಾನು. ಈಗ ಯಾರಾದರೂ "ದಿನಾ ಎಷ್ಟು ಗಂಟೆಗೆ ವಾಕಿಂಗ್?" ಎಂದು ಕೇಳಿದರೆ ಉತ್ತರ ಹೇಳಲು ಅಮಾವಾಸ್ಯೆ ಹುಣ್ಣಿಮೆ ಎಣಿಸಬೇಕು.

ಗುಳ್ಳೆ | ಮಂಗಳವಾರ, ಮಧ್ಯಾಹ್ನ 1:45

ಯಾರೂ ಕೇಳದಿದ್ದರೂ ಹೇಳುತ್ತೇನೆ. ಕಡಲ ಸದ್ದು ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಗಾಳಿಗುಳ್ಳೆಗಳದು. ತೆರೆ ಮಗುಚಿದಾಗ ಗಾಳಿ ಒಳಗೆ ಸಿಕ್ಕಿಕೊಂಡು ಲೆಕ್ಕವಿಲ್ಲದಷ್ಟು ಗುಳ್ಳೆಗಳಾಗುತ್ತದೆ. ಪ್ರತಿ ಗುಳ್ಳೆಯೂ ಹುಟ್ಟಿದ ಕ್ಷಣ ಕುಗ್ಗಿ ಹಿಗ್ಗಿ ಒಂದು ಸ್ವರ ಹೊರಡಿಸುತ್ತದೆ. ಯಾವ ಗಾತ್ರದ ಗುಳ್ಳೆಗೆ ಯಾವ ಸ್ವರ ಎಂದು ಮಾರ್ಸೆಲ್ ಮಿನ್ನಾರ್ಟ್ ಎಂಬ ವಿಜ್ಞಾನಿ 1933ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ 3,000ಕ್ಕೂ ಹೆಚ್ಚು ಸಲ ಕಂಪಿಸುತ್ತದೆ, ಸಿಳ್ಳಿನಂಥ ಸ್ವರ. ಗುಳ್ಳೆ ಹಿಗ್ಗಿದಷ್ಟೂ ಸ್ವರ ಇಳಿಯುತ್ತದೆ. ಅವೆಲ್ಲ ಒಟ್ಟಾಗಿ ನಮಗೆ ಬರಿಯ 'ಸೋ' ಎಂದು ಕೇಳಿಸುತ್ತವೆ.

ಗಾಳಿಯ ದಿಕ್ಕನ್ನೂ ಗಮನಿಸಿ. ಕಡಲಿನಿಂದ ಮನೆಯ ಕಡೆ ಬೀಸುವಾಗ ಸದ್ದು ನೆಲದತ್ತ ಬಾಗುತ್ತದೆ, ಎದುರಾದರೆ ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲಿಂದ ಹೋಗುತ್ತದೆ. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ, ಇರುಳು ನೆಲ ಬೇಗ ಆರುವುದರಿಂದ ನೆಲದ ಕಡೆಯಿಂದ. ತೆರೆ ಅಷ್ಟೇ ಇದ್ದರೂ ಸದ್ದು ಅಷ್ಟೇ ಇರಬೇಕೆಂದಿಲ್ಲ.

ಇನ್ನೊಂದು ಸಂಗತಿ ಹೇಳಿದರೆ ನಮ್ಮ ಮನೆಯವರಿಗೆ ಬೇಸರವಾಗುತ್ತದೆ, ನೀವು ಸಹಿಸಿಕೊಳ್ಳಿ. ಮರಳಿನ ಮೇಲೆ ನಿಂತವರಿಗೆ ಕಾಣುವ ದಿಗಂತ ಬರೀ ನಾಲ್ಕೂವರೆ ಕಿಲೋಮೀಟರ್ ದೂರ. ಮೂರು ಮೀಟರ್ ಎತ್ತರದ ಜಗಲಿ ಹತ್ತಿ ನೋಡಿದರೆ ಏಳೂವರೆ. 'ಅಪಾರ ಕಡಲು' ಎಂದು ನಾವು ಕಣ್ಣು ತುಂಬಿಕೊಳ್ಳುವುದು ನಡೆದರೆ ಒಂದು ಗಂಟೆಯ ಹಾದಿ.

ದೋಣಿಮನೆ | ಮಂಗಳವಾರ, ಮಧ್ಯಾಹ್ನ 2:05

ನಡೆದು ತೋರಿಸಿ.

ಒಣನೆಲ | ಮಂಗಳವಾರ, ರಾತ್ರಿ 11:50

ಬರೆಯಲೋ ಬೇಡವೋ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೆ. ನಾನು ಕಡಲ ಮನೆಯನ್ನು ಮಾರಿ ಬಂದವನು.

ನಾವಿಬ್ಬರೂ ಅಲ್ಲಿ ನಾಲ್ಕು ವರ್ಷ ಇದ್ದೆವು. ಮೊದಲ ವರ್ಷದ ಕೊನೆಗೆ ನಮಗೂ ಕಡಲು ಕೇಳಿಸುವುದು ನಿಂತಿತ್ತು. ಅದನ್ನು ನಾವು ಗಮನಿಸಿರಲೂ ಇಲ್ಲ, ನಿಮ್ಮ ಬರಹ ಓದಿದ ಮೇಲೆ ಹೊಳೆಯಿತು. ಜಗಲಿಯಲ್ಲಿ ಎರಡು ಕುರ್ಚಿ. ಅವಳು ಪತ್ರಿಕೆ ಓದುತ್ತ ಅರ್ಧ ಗಟ್ಟಿಯಾಗಿ, ಅರ್ಧ ತನ್ನೊಳಗೇ ಓದಿಕೊಳ್ಳುತ್ತಿದ್ದಳು. ನನಗೆ ಕೇಳಿಸುತ್ತಿದ್ದದ್ದು ಅದು.

ಅವಳು ಹೋದ ಮೇಲೆ ಮೇಷ್ಟ್ರು ಹೇಳಿದ ಚುರುಕು ಮುಟ್ಟಿತು ಎನ್ನಿ. ಆ ಸದ್ದು ವಾಪಸು ಬಂದದ್ದು ಮತ್ತೆ ಹೋಗಲೇ ಇಲ್ಲ. ರಾತ್ರಿ ನಿಮಿಷಕ್ಕೆ ಆರು, ಏಳು ತೆರೆ ಎಂದು ಎಣಿಸುತ್ತ ಮಲಗಿರುತ್ತಿದ್ದೆ. ಒಂದು ತಿಂಗಳು, ಎರಡು ತಿಂಗಳು. ಒಗ್ಗುತ್ತದೆ ಎಂದರು, ಒಗ್ಗಲಿಲ್ಲ. ಬಾಯಿ ಮುಚ್ಚದೆ ಮಾತಾಡುವವರ ಜೊತೆ ಒಂದೇ ಮನೆಯಲ್ಲಿ ಸಿಕ್ಕಿಬಿದ್ದ ಹಾಗಿತ್ತು.

ಮನೆ ಖಾಲಿ ಮಾಡುವ ದಿನ ಕುರ್ಚಿಗಳನ್ನು ಎತ್ತುವಾಗ ಒಂದು ಕಂಡಿತು. ಎರಡರ ಕೈಗಳಿಗೂ ಹಿತ್ತಾಳೆ ಬಣ್ಣದ ಮೊಳೆಗಳನ್ನು ಹೊಡೆದಿತ್ತು. ನನ್ನ ಕುರ್ಚಿಯವು ಹೊಳೆಯುತ್ತಿದ್ದವು. ಅವಳದರ ಮೇಲೆ ಹಸಿರು ಪಾಚಿಯಂಥದು ಕಟ್ಟಿತ್ತು. ಕೂತವರ ತೋಳು ತಾಗಿ ತಾಗಿ ಮೊಳೆ ತಾನಾಗಿ ಉಜ್ಜಿಕೊಳ್ಳುತ್ತದೆ ಎಂದು ಆಗ ಗೊತ್ತಾಯಿತು. ಏಳು ತಿಂಗಳಿಗೇ ಅಷ್ಟು.

ಈಗ ಮೂರನೇ ಮಹಡಿಯ ಮನೆ. ಬೆಳಗಿನ ಐದಕ್ಕೆ ಕೆಳಗೆ ನೀರಿನ ಪಂಪು ಶುರುವಾಗುತ್ತದೆ, ಅರ್ಧ ಗಂಟೆಗೆ ನಿಲ್ಲುತ್ತದೆ. ನಿಲ್ಲುತ್ತದೆ ಎಂಬುದೇ ದೊಡ್ಡ ಉಪಕಾರ.

ನಿಮಗೆ ಕೇಳಿಸದೆ ಇದ್ದರೆ ಅದನ್ನು ಕೆದಕಬೇಡಿ.

ಅರ್ಧನಿದ್ದೆ | ಬುಧವಾರ, ಬೆಳಿಗ್ಗೆ 7:00

ಓದಿದೆ. ಏನು ಬರೆಯಬೇಕೋ ತಿಳಿಯಲಿಲ್ಲ. ಓದಿದ್ದೇನೆ ಎಂದಾದರೂ ತಿಳಿಸೋಣ ಎನಿಸಿತು.

ದೋಣಿಮನೆ | ಬುಧವಾರ, ಬೆಳಿಗ್ಗೆ 9:25

ಒಣನೆಲ ಅವರೇ, ಅಜ್ಜ ತೀರಿಕೊಂಡ ಮೇಲೆ ನಮ್ಮ ಅಜ್ಜಿ ಕಡಲ ಕಡೆಯ ಕಿಟಕಿಯನ್ನು ಮುಚ್ಚಿಸಿದರು. ಸೆಕೆಯಾಗುತ್ತದೆ ಎಂದು ನಾವು ಎಷ್ಟು ಹೇಳಿದರೂ ತೆಗೆಯಗೊಡಲಿಲ್ಲ. ಹುಟ್ಟಿನಿಂದ ಅಲ್ಲೇ ಇದ್ದವರು ಅವರು. ಒಗ್ಗದವರಿಗೆ ಮಾತ್ರ ಅದು ಸದ್ದು ಎಂದು ಮೊನ್ನೆ ದೊಡ್ಡದಾಗಿ ಬರೆದೆನಲ್ಲ, ಆಗ ಈ ಕಿಟಕಿ ನೆನಪಾಗಬೇಕಿತ್ತು.

ಕೊನೆಮೆಟ್ಟಿಲು | ಶನಿವಾರ, ಬೆಳಿಗ್ಗೆ 10:15

ಒಣನೆಲ ಅವರ ಮಾತಿಗೆ ಉತ್ತರ ಬರೆಯಲು ಕೂತು ಮೂರು ಸಲ ಅಳಿಸಿದೆ. ಅದರ ನಡುವೆ ಇಲ್ಲೊಂದು ಘಟನೆಯಾಗಿದೆ.

ಗುರುವಾರ ರಾತ್ರಿ ಎಚ್ಚರವಾಯಿತು. ಗಡಿಯಾರ ನೋಡಿದೆ, ಎರಡೂ ಕಾಲು. ಗಾಳಿ ಸ್ವಲ್ಪವೂ ಇಲ್ಲ. ಮಳೆ, ಗುಡುಗು, ನಾಯಿ ಬೊಗಳಿದ್ದು, ಯಾವುದೂ ಇಲ್ಲ. ಏಕೆ ಎದ್ದೆ ಎಂದು ತಿಳಿಯದೆ ಸುಮ್ಮನೆ ಕೂತೆ. ಆಗ ಕೇಳಿಸಿತು, ಅಥವಾ ಕೇಳಿಸದೆ ಇದ್ದದ್ದು ಗೊತ್ತಾಯಿತು. ತೆರೆ ಒಡೆದ ಮೇಲಿನ ಬಿಡುವು ಬಹಳ ಉದ್ದವಾಗಿತ್ತು. ಮುಗಿಯಿತೇನೋ ಎನ್ನುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಮನೆಯ ನೆಲಕ್ಕೆ ತಾಗುವಂಥ ಒಂದು ಗುದ್ದು. ಸದ್ದಿಗಿಂತ ಹೆಚ್ಚಾಗಿ ಅಂಗಾಲಿಗೆ ತಿಳಿಯುತ್ತಿತ್ತು. ಮೊಬೈಲಿನಲ್ಲಿ ಅಳೆದೆ: ಒಂದರಿಂದ ಇನ್ನೊಂದಕ್ಕೆ 18 ಸೆಕೆಂಡು. ಬೇರೆ ದಿನಗಳಲ್ಲಿ ಎಂಟೋ ಒಂಬತ್ತೋ ಇರುತ್ತಿತ್ತು.

ಟಾರ್ಚ್ ಹಿಡಿದು ಜಗಲಿಗೆ ಹೋದೆ. ಮಟ್ಟವಾದ, ಎಣ್ಣೆ ಹೊಯ್ದಂಥ ಕಡಲು. ಅದರ ಮೇಲೆ ದೂರದೂರಕ್ಕೆ ಒಂದೊಂದೇ ಉಬ್ಬು ಅವಸರವಿಲ್ಲದೆ ಬರುತ್ತಿತ್ತು. ದಡಕ್ಕೆ ಬಂದ ಮೇಲೆ ಮಾತ್ರ ಅದರ ಎತ್ತರ ತಿಳಿಯುತ್ತಿತ್ತು. ನೀರು ಮೆಟ್ಟಿಲ ಬುಡ ದಾಟಿ ಮನೆಯಡಿಗೆ ಹೋಗಿ ವಾಪಸು ಬರುವಾಗ ಮರಳು ಜಾರುವ ಸದ್ದು ಕೇಳಿಸುತ್ತಿತ್ತು, ಗೋಣಿಯಿಂದ ಕಾಳು ಸುರಿದಂತೆ. ಬೆಳಗಾಗುವವರೆಗೆ ಅಲ್ಲೇ ಕೂತಿದ್ದೆ. ಹೆದರಿದ್ದೆನೇ ಎಂದು ಕೇಳಿದರೆ, ಹೌದು.

ಬೆಳಿಗ್ಗೆ ನೋಡಿದರೆ ಏಳನೆಯ ಮೆಟ್ಟಿಲು ಗಾಳಿಯಲ್ಲಿ ನೇತಾಡುತ್ತಿದೆ. ಅದರ ಕೆಳಗೆ ಮರಳೇ ಇಲ್ಲ. ಮೊಣಕಾಲಿನಷ್ಟು ಆಳಕ್ಕೆ ಹೋಗಿದೆ. ಹನ್ನೊಂದು ತಿಂಗಳು ನಾನು ಕಾಲೂರಿದ್ದ ನೆಲ ಒಂದು ರಾತ್ರಿಯಲ್ಲಿ ಎದ್ದು ಹೋಗಿತ್ತು. ಕೆಳಗೆ ಎಂದೋ ಹೂತುಹೋಗಿದ್ದ ಹಳೆಯ ಮೆಟ್ಟಿಲೊಂದು ಮೇಲೆದ್ದಿದೆ, ಎಂಟನೆಯದು. ಅಂದರೆ ಈ ಮನೆ ಕಟ್ಟಿದಾಗ ಮರಳು ಈಗಿನಷ್ಟೇ ಕೆಳಗಿತ್ತು.

ಮೇಷ್ಟ್ರೇ, ಬಾಲಕ್ಕೆ ಚುರುಕು ಮುಟ್ಟಿತು. ಎರಡು ದಿನದಿಂದ ಪ್ರತಿ ತೆರೆಯೂ ಕೇಳಿಸುತ್ತಿದೆ.

ಗುಳ್ಳೆ | ಶನಿವಾರ, ಬೆಳಿಗ್ಗೆ 11:30

18 ಸೆಕೆಂಡು! ಗಾಳಿಯಿಲ್ಲದೆ ಅಂಥ ತೆರೆ ಬಂತೆಂದರೆ ಅದು ನಿಮ್ಮೂರಿನ ಹವೆಯಲ್ಲ. ಎಲ್ಲೋ ಬಹಳ ದೂರದಲ್ಲಿ ದಿನಗಳ ಹಿಂದೆ ಬೀಸಿದ ಬಿರುಗಾಳಿಯ ಬಾಕಿ ನಿಮ್ಮ ಮೆಟ್ಟಿಲಿಗೆ ಬಂದಿದೆ.

ಆಳದ ನೀರಿನಲ್ಲಿ ತೆರೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಓಟ ಜೋರು. 20 ಸೆಕೆಂಡಿನ ತೆರೆಗಳ ಗುಂಪು ಗಂಟೆಗೆ ಸುಮಾರು 56 ಕಿಲೋಮೀಟರ್ ಸಾಗಿದರೆ, 10 ಸೆಕೆಂಡಿನದು ಅದರ ಅರ್ಧ. ಹಾಗಾಗಿ ಒಂದೇ ಬಿರುಗಾಳಿಯಲ್ಲಿ ಹುಟ್ಟಿದರೂ ಉದ್ದದ ತೆರೆಗಳು ಮೊದಲು ಮುಟ್ಟುತ್ತವೆ, ಗಿಡ್ಡನೆಯವು ದಿನಗಟ್ಟಲೆ ಹಿಂದೆ ಉಳಿಯುತ್ತವೆ. ವಾಲ್ಟರ್ ಮಂಕ್ ಮತ್ತು ಸಂಗಡಿಗರು 1963ರಲ್ಲಿ ಇಂಥ ತೆರೆಗಳ ಬೆನ್ನುಹತ್ತಿದ್ದರು. ದಕ್ಷಿಣ ಧ್ರುವದ ಕಡೆಯ ಬಿರುಗಾಳಿಗಳಲ್ಲಿ ಹುಟ್ಟಿದ ತೆರೆಗಳನ್ನು ನ್ಯೂಜಿಲೆಂಡ್, ಸಮೋವಾ, ಹವಾಯಿ ಹೀಗೆ ಪೆಸಿಫಿಕ್ ಉದ್ದಕ್ಕೂ ಅಳೆಯುತ್ತ ಅಲಾಸ್ಕದವರೆಗೆ ಹಿಂಬಾಲಿಸಿದರು. ಹತ್ತು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ಅದು, ಕಸುವು ಬಹಳವೇನೂ ಕಳೆದುಕೊಳ್ಳದೆ ಬಂದಿದ್ದವು.

ಇನ್ನು ಎರಡು ಮೂರು ದಿನ ಬಿಡುವಿನ ಅಂತರವನ್ನು ಅಳೆಯುತ್ತಿರಿ. 18, 16, 14 ಎಂದು ಇಳಿಯುತ್ತ ಬಂದರೆ ನಾನು ಹೇಳಿದ್ದು ನಿಜ.

ನಿವೃತ್ತ ಮೇಷ್ಟ್ರು | ಶನಿವಾರ, ಸಂಜೆ 5:40

ಅಳೆಯುವುದು ಆಮೇಲಾಗಲಿ. ಮೊದಲು ಮನೆಯ ಕಂಬಗಳ ಬುಡ ನೋಡಿಸಿ. ಸಿಮೆಂಟಿನ ಕಂಬವಾದರೆ ಬಿರುಕು, ಕಂದು ಕಲೆ ಇದೆಯೇ ಎಂದು ನೋಡಬೇಕು. ಉಪ್ಪು ಒಳಗಿನ ಕಬ್ಬಿಣಕ್ಕೆ ಮುಟ್ಟಿದರೆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ.

ಕಡಲಿಗೂ ಮನೆಗೂ ನಡುವಿನ ಅಂತರ ಕಾಗದದ ಮೇಲೆ ಬರೆದಷ್ಟು ಗಟ್ಟಿಯಲ್ಲ. ಅಮೆರಿಕದ ಕೇಪ್ ಹ್ಯಾಟರಸ್ ದೀಪಸ್ತಂಭವನ್ನು 1870ರಲ್ಲಿ ಕಟ್ಟಿದಾಗ ಕಡಲು ಸಾಕಷ್ಟು ದೂರವಿತ್ತು. ಕೊನೆಗೆ 1999ರಲ್ಲಿ ಆ ಇಡೀ ಇಟ್ಟಿಗೆಯ ಗೋಪುರವನ್ನು ಹಳಿಗಳ ಮೇಲೆ 2,900 ಅಡಿ ಹಿಂದಕ್ಕೆ ಸರಿಸಬೇಕಾಯಿತು. ಅದೇ ದೇಶದ ಕೇಪ್ ಕಾಡ್‌ನಲ್ಲಿ ಹೆನ್ರಿ ಬೆಸ್ಟನ್ ಎಂಬ ಬರಹಗಾರ ನಿಮ್ಮಂತೆಯೇ ಒಬ್ಬರೇ ಇರಲು 1925ರಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದರು. 1978ರ ಫೆಬ್ರುವರಿಯ ಬಿರುಗಾಳಿಯಲ್ಲಿ ಕಡಲು ಅದನ್ನು ಒಯ್ಯಿತು. ಹೆದರಿಸಲು ಹೇಳುತ್ತಿಲ್ಲ. ಅಥವಾ, ಸ್ವಲ್ಪ ಹೆದರಿಸಲೆಂದೇ ಹೇಳುತ್ತಿದ್ದೇನೆ.

ದೋಣಿಮನೆ | ಶನಿವಾರ, ರಾತ್ರಿ 8:10

ಮರಳು ವಾಪಸು ಬರುತ್ತದೆ. ಎಲ್ಲೂ ಹೋಗಿರುವುದಿಲ್ಲ, ಸ್ವಲ್ಪ ಆಚೆ ನೀರಿನಡಿಯಲ್ಲಿ ದಿಬ್ಬ ಕಟ್ಟಿ ಕೂತಿರುತ್ತದೆ. ಇಳಿತದಲ್ಲಿ ನೋಡಿ, ತೆರೆ ದಡಕ್ಕೆ ಬರುವ ಮೊದಲೇ ಒಂದು ಗೆರೆಯಲ್ಲಿ ಒಡೆಯುತ್ತಿದ್ದರೆ ನಿಮ್ಮ ಮರಳು ಅಲ್ಲಿದೆ. ಕಡಲು ತಣ್ಣಗಾದ ಮೇಲೆ ಸಣ್ಣ ತೆರೆಗಳು ಅದನ್ನು ಹಿಡಿ ಹಿಡಿಯಾಗಿ ತಂದು ಹಾಕುತ್ತವೆ. ಎಲ್ಲ ವರ್ಷವೂ ಪೂರ್ತಿ ತರುವುದಿಲ್ಲ, ಅಷ್ಟೇ. ಹೆದರಿ ಕಲ್ಲಿನ ಗೋಡೆ ಕಟ್ಟಿಸಬೇಡಿ. ತೆರೆ ಗೋಡೆಗೆ ಬಡಿದು ಹಿಂದೆ ಹೋಗುವಾಗ ಗೋಡೆಯ ಬುಡದ ಮರಳನ್ನೇ ಎಳೆಯುತ್ತದೆ.

ಇನ್ನೊಂದು ಮಾತು. ಏನೂ ತಿಳಿಯಬೇಕಾದದ್ದಿಲ್ಲ, ಹಾಗಾಗಿ ಕಿವಿ ಬಿಟ್ಟಿದೆ ಎಂದು ಬರೆದಿದ್ದಿರಿ. ಎರಡೂ ಕಾಲಿಗೆ ನಿಮ್ಮನ್ನು ಎಬ್ಬಿಸಿದವರು ಯಾರು? ನಮ್ಮ ಅಜ್ಜ ಬಾಗಿಲು ತೆಗೆಯದೆಯೇ "ಇವತ್ತು ಬೇಡ" ಎನ್ನುತ್ತಿದ್ದದ್ದೂ ಹೀಗೆಯೇ ಇರಬೇಕು.

ಕೊನೆಮೆಟ್ಟಿಲು | ಮಂಗಳವಾರ, ಸಂಜೆ 6:05

ಕಂಬಗಳನ್ನು ನೋಡಿಸಿದೆ. ಮೂರು ಗಟ್ಟಿ, ಒಂದರಲ್ಲಿ ಕೂದಲೆಳೆಯ ಬಿರುಕು. ಕೆಲಸದವರು ಮುಂದಿನ ವಾರ ಬರುತ್ತಾರೆ. ಗುಳ್ಳೆ ಅವರೇ, ಭಾನುವಾರ 15, ಇವತ್ತು ಬೆಳಿಗ್ಗೆ 12. ನೀವು ಹೇಳಿದಂತೆಯೇ.

ಒಣನೆಲ ಅವರೇ, ಅಳಿಸಿ ಅಳಿಸಿ ಉಳಿದದ್ದು ಇಷ್ಟು: ಆ ರಾತ್ರಿ ಕೂತಿದ್ದಾಗ ನಿಮ್ಮ ನೆನಪಾಗಿತ್ತು. ಆರು, ಏಳು ಎಂದು ಎಣಿಸುತ್ತ ಎರಡು ತಿಂಗಳು ಮಲಗಿದ್ದವರು ಹೇಗೆ ಮಲಗಿದ್ದರೋ ಎಂದು.

ತುಕ್ಕುಬೀಗ ಅವರಿಗೆ ಒಂದು ಪ್ರಶ್ನೆ. ಉಪ್ಪುನೀರು ಒಳಗೆ ಬಂದದ್ದರಿಂದ ಮುಂಬಾಗಿಲ ಕೆಳಗಿನ ಕೀಲು ಕೈಗೆ ಪದರಪದರವಾಗಿ ಬರುತ್ತಿದೆ. ಕೀಲು ಉಕ್ಕಿನದು. ಮನೆಯಲ್ಲಿ ಹಿತ್ತಾಳೆಯ ಸ್ಕ್ರೂಗಳಿವೆ. ಹೊಸ ಉಕ್ಕಿನ ಕೀಲಿಗೆ ಅವನ್ನೇ ಹಾಕಿದರೆ ನಡೆಯುತ್ತದೆಯೇ?

ತುಕ್ಕುಬೀಗ | ಮಂಗಳವಾರ, ಸಂಜೆ 6:20

ಕೊನೆಗೂ ನನಗೆ ಗೊತ್ತಿರುವ ವಿಷಯ!

ನಡೆಯುವುದಿಲ್ಲ. ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯೇ ಆಗುತ್ತದೆ. ಹಿತ್ತಾಳೆ ಉಳಿಯುತ್ತದೆ, ಉಕ್ಕು ಸವೆಯುತ್ತದೆ. ಬ್ರಿಟಿಷ್ ನೌಕಾಪಡೆ ಇದನ್ನು ಕಷ್ಟಪಟ್ಟು ಕಲಿಯಿತು. 1761ರಲ್ಲಿ ಅಲಾರ್ಮ್ ಎಂಬ ಯುದ್ಧನೌಕೆಯ ತಳಕ್ಕೆ ಮರಕೊರಕ ಹುಳು ಹತ್ತದಿರಲೆಂದು ತಾಮ್ರದ ತಗಡು ಹೊದಿಸಿದರು. ಎರಡು ವರ್ಷದ ಮೇಲೆ ನೋಡಿದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಕೆಲವು ಮೊಳೆಗಳು ಮಾತ್ರ ನೆಟ್ಟಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದವನ್ನು ಅಲ್ಲಿ ಯಾರೋ ಸೋಮಾರಿತನದಿಂದ ಬಿಚ್ಚದೆ ಬಿಟ್ಟಿದ್ದರು, ಅದೇ ಅಡ್ಡವಾಗಿ ಕಾಪಾಡಿತ್ತು. ಸೋಮಾರಿಗಳ ಪರವಾಗಿ ನಾನು ಎಲ್ಲರಿಗೂ ಈ ಕಥೆ ಹೇಳುತ್ತೇನೆ.

ಕೀಲೂ ಹಿತ್ತಾಳೆ, ಸ್ಕ್ರೂವೂ ಹಿತ್ತಾಳೆ. ಇಲ್ಲವೇ ಎರಡೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ತಡೆಯುತ್ತದೆ. ಸಾಮಾನ್ಯವಾಗಿ ಸಿಗುವ 304 ಬೇಡ, ಕಂದು ಕಲೆ ಬರುತ್ತದೆ. ಯಾವುದನ್ನೇ ಹಾಕಿದರೂ ವಾರಕ್ಕೊಮ್ಮೆ ಸಿಹಿನೀರು.

ಒಣನೆಲ | ಮಂಗಳವಾರ, ರಾತ್ರಿ 11:15

ನೆನೆದದ್ದಕ್ಕೆ ಸಂತೋಷ. ಕಂಬದ ಬಿರುಕನ್ನು ಮುಂದೂಡಬೇಡಿ.

ಕೊನೆಮೆಟ್ಟಿಲು | ಹತ್ತು ದಿನಗಳ ನಂತರ, ಬೆಳಿಗ್ಗೆ 8:30

ಕಂಬದ ಕೆಲಸ ಮುಗಿಯಿತು. ಕೀಲು, ಸ್ಕ್ರೂ ಎರಡನ್ನೂ ಹಿತ್ತಾಳೆಯದೇ ಹಾಕಿಸಿದೆ. ಬಾಗಿಲು ಮೊದಲು ತೆಗೆದಾಗಲೆಲ್ಲ ಕಿರ್ರೆನ್ನುತ್ತಿತ್ತು, ಈಗ ಇಲ್ಲ. ಆ ಕಿರ್ರೆನ್ನುವುದು ಮಾತ್ರ ನನಗೆ ದಿನವೂ ಕೇಳಿಸುತ್ತಿತ್ತು ನೋಡಿ.

ಎಂಟನೆಯ ಮೆಟ್ಟಿಲ ಬದಿಗೆ ಮೊಳೆಯಿಂದ ಗೆರೆಗಳನ್ನು ಕೊರೆದಿಟ್ಟಿದ್ದೇನೆ, ಬೆರಳಿಗೊಂದು. ಇವತ್ತಿಗೆ ಮರಳು ನಾಲ್ಕನೆಯ ಗೆರೆ ಮುಚ್ಚಿದೆ. ನಿನ್ನೆ ಐದು ಇತ್ತು.